ಎಷ್ಟು ಸಲ ಬಿದ್ದ

ಕೆಳಗಿನ ಮನೆಯವರು ಮಿಕ್ಸಿ ಹಾಕಿದ ಸದ್ದಿಗೆ ಗೌತಮಿಗೆ ಎಚ್ಚರವಾಯಿತು. ನಾಲ್ಕು ದಿನದಿಂದ ಅವರು ಮಿಕ್ಸಿ ಹಾಕಿರಲಿಲ್ಲ. ಮೇಲಿನ ಮನೆಯಲ್ಲಿ ಸಾವಾಗಿದೆಯೆಂದು ಚಟ್ನಿಯನ್ನು ಒರಳಿನಲ್ಲಿ ರುಬ್ಬಿಕೊಂಡರೋ, ಚಟ್ನಿಯನ್ನೇ ಬಿಟ್ಟಿದ್ದರೋ. ಇವತ್ತು ಹಾಕಿದ್ದಾರೆ. ಇಷ್ಟು ದಿನ ಸಾಕು ಎಂದು ಯಾರೋ ಎಲ್ಲೋ ತೀರ್ಮಾನಿಸಿದಂತಿತ್ತು. ಮಿಕ್ಸಿ ನಿಂತಿತು, ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಅವಳು ಮಲಗಿದ್ದಲ್ಲೇ ಒಂದು ನಿಲುಗಡೆಯಿಂದ ಇನ್ನೊಂದಕ್ಕೆ ಎಷ್ಟು ಹೊತ್ತು ಎಂದು ಎಣಿಸುತ್ತಿದ್ದಳು. ಎಣಿಸುತ್ತಿದ್ದೇನೆ ಎಂದು ಅರಿವಾದ ಕೂಡಲೇ ಎದ್ದು ಕೂತಳು. ಕಿಟಕಿಯ ಹೊರಗೆ ಚಿಂತಾಮಣಿಯ ಬೆಳಗು, ಎಂದಿನಂತೆ ಹಾಲಿನವನ ಗಾಡಿ, ಶಾಲೆಯ ವ್ಯಾನು, ನಲ್ಲಿಯ ಹತ್ತಿರ ಬಿಂದಿಗೆಗಳ ಜಗಳ. ಎಲ್ಲವೂ ಅದದರ ಜಾಗದಲ್ಲಿತ್ತು. ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

ಅತ್ತೆ ಆಂಜಿನಮ್ಮ ಬಾಗಿಲ ಹತ್ತಿರ ಚಾಪೆಯ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದರು. ಮೊನ್ನೆಯವರೆಗೆ ಅಳುತ್ತಾ ಹೇಳುತ್ತಿದ್ದದ್ದನ್ನು ಈಗ ಅಳದೆ ಹೇಳುತ್ತಿದ್ದರು. “ಇಲ್ಲ ಕಣಮ್ಮ, ನರಳ್ಲಿಲ್ಲ. ಒಂದ್ನಿಮಿಷ ಅಷ್ಟೆ. ಹಾರ್ಟು ಅಂದ್ರು ಡಾಕ್ಟ್ರು. ಆ ಟೀವಿ ಆಟ ಆಡ್ತಾ ಕೂತಿದ್ದ, ಸದ್ದು ನಿಂತೋಯ್ತು, ನಿಂತಿದ್ದೇ ತಡ ನನ್ ಸೊಸೆ ಓಡೋಗವ್ಳೆ. ಅಷ್ಟ್ರಲ್ಲೇ ಮುಗ್ದೋಗಿತ್ತು.” ಈ ಮಾತನ್ನು ಗೌತಮಿ ಒಂದೇ ಒಂದು ಸಲ ಹೇಳಿದ್ದಳು, ಆಸ್ಪತ್ರೆಯಲ್ಲಿ, ಡ್ಯೂಟಿ ಡಾಕ್ಟರು ಎಷ್ಟು ಹೊತ್ತಾಯ್ತು ಎಂದು ಕೇಳಿದಾಗ. ಈಗತಾನೆ, ಸದ್ದು ನಿಂತ ತಕ್ಷಣ ಹೋದೆ. ಡಾಕ್ಟರು ಭಾನುಪ್ರಕಾಶನ ಬೆರಳುಗಳನ್ನು ಮುಟ್ಟಿ ನೋಡಿದರು, ಆಮೇಲೆ ಅವಳ ಮುಖ ನೋಡಿದರು. ಪಕ್ಕದಲ್ಲಿದ್ದ ಅತ್ತೆ ಆ ಮಾತನ್ನು ಎತ್ತಿಕೊಂಡರು. ಮಣ್ಣಿಗೆ ಬಂದವರೆಲ್ಲರಿಗೂ ಅದನ್ನು ಕೊಟ್ಟು ಕಳಿಸಿದರು. ಸೊಸೆಯ ಬಗ್ಗೆ ಅವರಿಗೆ ಈ ಮೂರು ವರ್ಷದಲ್ಲಿ ಹೇಳಿಕೊಳ್ಳಲು ಸಿಕ್ಕ ಮೊದಲ ಒಳ್ಳೆಯ ಮಾತು ಅದು.

ಸದ್ದು ನಿಂತಿರಲಿಲ್ಲ.

ಅವಳು ಕೋಣೆಗೆ ಹೋದಳು. ಟೀವಿಯ ಕೆಳಗೆ ಗೇಮ್ ಆಡುವ ಆ ಕಪ್ಪು ಪೆಟ್ಟಿಗೆ ಹಾಗೇ ಇತ್ತು. ಅದು ಇವರದ್ದಲ್ಲ, ಮೇಲೂರಿನಲ್ಲಿ ರೇಷ್ಮೆ ಹುಳ ಸಾಕುವ ಸ್ನೇಹಿತ ಮುನೇಶನದ್ದು, ಆಡಿಕೊಡುತ್ತೇನೆಂದು ಭಾನು ಎರಡು ವಾರದ ಹಿಂದೆ ತಂದದ್ದು. ಭಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಬಿಡುವಿನಲ್ಲಿ ವಿಡಿಯೋ ಗೇಮುಗಳ ಬಗ್ಗೆ ಕನ್ನಡದಲ್ಲಿ ಮಾತಾಡಿ ಯೂಟ್ಯೂಬಿಗೆ ಹಾಕುತ್ತಿದ್ದ. ನಾನೂರು ಚಿಲ್ಲರೆ ಜನ ನೋಡುತ್ತಿದ್ದರು. ಮಾತಾಡುವ ಮೊದಲು ಬರೆದುಕೊಳ್ಳುತ್ತಿದ್ದ, ಬರೆದದ್ದನ್ನು ಕನ್ನಡ ಎಂ.ಎ. ಮಾಡಿದ ಹೆಂಡತಿಗೆ ತೋರಿಸುತ್ತಿದ್ದ. ಪೆಟ್ಟಿಗೆಯ ಮೇಲೆ ಆ ಕೊನೆಯ ಹಾಳೆಗಳು ಇದ್ದವು. ಅವಳು ನಿಂತುಕೊಂಡೇ ಓದಿದಳು. ‘ಇಷ್ಟು ಚಂದದ ಆಟವನ್ನು ನಾನು ನೋಡಿಲ್ಲ. ಸುಟ್ಟುಹೋದ ಒಂದು ಊರು. ಬೂದಿ ಬೀಳುತ್ತಿರುತ್ತದೆ, ಒಂದೊಂದು ಚೂರೂ ಬೇರೆ ಬೇರೆಯಾಗಿ ತಿರುಗುತ್ತಾ ಬೀಳುತ್ತದೆ. ಒದ್ದೆ ಕಲ್ಲಿನ ಮೇಲೆ ಬೆಳಕು ಹೇಗೆ ಕೂರಬೇಕೋ ಹಾಗೆ ಕೂತಿದೆ. ಕತ್ತಿ ಹಿಡಿದ ಈ ಮನುಷ್ಯನನ್ನು ನೀವು ಆಡಿಸದೆ ಸುಮ್ಮನೆ ಬಿಟ್ಟರೆ ಅವನು ಉಸಿರಾಡುತ್ತಾನೆ, ಹೆಗಲು ಏರುತ್ತದೆ, ಇಳಿಯುತ್ತದೆ. ಹತ್ತು ವರ್ಷ ಮಕ್ಕಳಿಗೆ ಚಿತ್ರ ಕಲಿಸಿದರೂ ಒಬ್ಬನ ಕೈಲೂ ನನಗೆ ಅಂಥ ಒಂದು ಹೆಗಲು ಬರೆಸಲಾಗಲಿಲ್ಲ. ಆದರೆ ಇವನಿಗೆ ಮಾಡಲು ಏನಿದೆ? ಒಂದು ಬಾಗಿಲು. ಬಾಗಿಲ ಮುಂದೆ ಐದು ಜನ. ಅವರನ್ನು ಕೊಂದರೆ ಇನ್ನೊಂದು ಬಾಗಿಲು, ಅದೇ ಐದು ಜನ, ಬಟ್ಟೆಯ ಬಣ್ಣ ಬೇರೆ. ಊರಿಗೆ ನಲವತ್ತು ಗೋಪುರ, ಎಲ್ಲ ಗೋಪುರದಲ್ಲೂ ಅದೇ ಮೆಟ್ಟಿಲು. ಬಿದ್ದರೆ ಗಂಟೆ ಹೊಡೆಯುತ್ತದೆ. ಏಳಲು ಗುಂಡಿ ಒತ್ತುವ ಕಷ್ಟವನ್ನೂ ನಿಮಗೆ ಕೊಡುವುದಿಲ್ಲ, ಆಟವೇ ನಿಮ್ಮನ್ನು ಎಬ್ಬಿಸಿ ಅದೇ ಬಾಗಿಲ ಮುಂದೆ ನಿಲ್ಲಿಸುತ್ತದೆ, ಆಮೇಲೆ ಅದೇ ಬೀಳಿಸುತ್ತದೆ. ನೀವಿದ್ದೀರೋ ಇಲ್ಲವೋ ಅದಕ್ಕೆ ಬೇಕಾಗಿಲ್ಲ. ಎಷ್ಟು ಸಲ ಬಿದ್ದಿರಿ ಎಂದು ಮಾತ್ರ ಮೂಲೆಯಲ್ಲಿ ಬರೆದಿಡುತ್ತದೆ. ಇದನ್ನು ಬರೆಯುವ ಹೊತ್ತಿಗೆ ನಾನು ಅರವತ್ತೆರಡು ಸಲ ಬಿದ್ದಿದ್ದೇನೆ.’

ಹಾಳೆಯ ಮೇಲೆ ಐದು ಕಡೆ ಕೆಂಪು ಗೆರೆ ಇತ್ತು. ಅವಳೇ ಎಳೆದದ್ದು. ಭಾನುವಾರ ಊಟವಾದ ಮೇಲೆ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಕೂತಿದ್ದಳು. ಕಾಲೇಜಿನಲ್ಲಿ ಅವಳು ಅತಿಥಿ ಉಪನ್ಯಾಸಕಿ, ಸೋಮವಾರ ಅಂಕ ಕೊಡಬೇಕಿತ್ತು. ಅವನು ಹಾಳೆ ತಂದು ಪಕ್ಕದಲ್ಲಿ ನಿಂತ. ಎಡಗೈ ಎದೆಯ ಮೇಲೆ ಉಜ್ಜಿಕೊಳ್ಳುತ್ತಿದ್ದ, ಅನ್ನ ಜಾಸ್ತಿಯಾಯ್ತು ಅಂದ. ಕೈಯಲ್ಲಿ ಕೆಂಪು ಪೆನ್ನು ಇದ್ದದ್ದರಿಂದ ಅವಳು ಅದರಲ್ಲೇ ಗೆರೆ ಎಳೆದಳು. “ಗೇಮು ಅದೇ ಅದೇ ಅಂತ ಬೈತೀಯ, ನೀನು ಬರ್ದಿರೋದೂ ಅದೇ ಅದೇ. ಒಂದೇ ದೂರು, ಐದು ಸಲ.” ಅವನಿಗೆ ನೋವಾಗಿತ್ತೋ ಇಲ್ಲವೋ, ನಕ್ಕ. “ನಮ್ಮನೇಲೇ ಕ್ರಿಟಿಕ್ ಇದ್ರೆ ಇದೇ ಗತಿ. ಸರಿ ಕಣೇ, ಇನ್ನೊಂದಷ್ಟು ಆಡಿ ನೋಡ್ತೀನಿ. ಅದಕ್ಕೂ ಅನ್ಯಾಯ ಮಾಡ್ಬಾರ್ದು.” ಅವನು ಹೋಗದೆ ಒಂದು ಕ್ಷಣ ನಿಂತೇ ಇದ್ದ. ಅವಳು ತಲೆ ಎತ್ತಲಿಲ್ಲ. ಏನೋ ಹೇಳಲು ನಿಂತಿದ್ದನೆಂದು ಈಗ ಅನ್ನಿಸುತ್ತದೆ, ಏನೂ ಇರಲಿಲ್ಲವೆಂದೂ ಅನ್ನಿಸುತ್ತದೆ.

ಆಮೇಲಿನದ್ದು ಕೇಳಿಸಿದ್ದು ಮಾತ್ರ. ಕತ್ತಿಯ ಸದ್ದು, ಯಾರೋ ಕೂಗಿದ್ದು, ಗಂಟೆ. ಮೊದಲಿಗೆ ಗಂಟೆ ಒಂದೊಂದು ಸಲ ಬೇಗ, ಒಂದೊಂದು ಸಲ ತಡವಾಗಿ ಬರುತ್ತಿತ್ತು, ಓದುವುದಕ್ಕೆ ಅಡ್ಡಿಯಾಗುತ್ತಿತ್ತು. ಆಮೇಲೆ ಎಲ್ಲಿಂದಲೋ ಅದು ಸಮನಾಯಿತು. ಕಾಲೇಜಿನ ಹುಡುಗಿಯರೆಲ್ಲ ಒಂದೇ ಗೈಡ್ ಓದಿ ಒಂದೇ ಉತ್ತರ ಬರೆದಿದ್ದರು. ಒಂದು ಸಲ ಗಂಟೆ ಹೊಡೆದಾಗ ಪುಟ ಮಗುಚುವುದು, ಎರಡನೆಯ ಸಲಕ್ಕೆ ಅಂಕ ಹಾಕಿ ಪತ್ರಿಕೆ ಪಕ್ಕಕ್ಕಿಡುವುದು. ಕೆಲಸ ಸಲೀಸಾಗಿ ಸಾಗಿತು. ಸಾಗುತ್ತಿದೆಯಲ್ಲ ಎಂದು ಅವಳಿಗೆ ಸಂತೋಷವೂ ಆಗಿತ್ತು. ಅದನ್ನು ಮಾತ್ರ ಅವಳಿಗೆ ಮರೆಯಲಾಗುತ್ತಿಲ್ಲ, ಆ ಸಂತೋಷವನ್ನು. ನಡುವೆ ನೀರು ಕುಡಿಯಲು ಎದ್ದವಳು ಕೋಣೆಯ ಬಾಗಿಲಿಂದ ಒಮ್ಮೆ ನೋಡಿದ್ದಳು. ಕುರ್ಚಿಯ ಬೆನ್ನಿನ ಮೇಲೆ ಅವನ ತಲೆಯ ಹಿಂಭಾಗ, ಅದರಾಚೆ ಪರದೆಯಲ್ಲಿ ಬೂದಿ, ಕತ್ತಿ ಹಿಡಿದವನ ಹೆಗಲು ಏರುತ್ತಿತ್ತು, ಇಳಿಯುತ್ತಿತ್ತು. ಆಡುತ್ತಿದ್ದಾನೆ ಎಂದುಕೊಂಡು ವಾಪಸು ಬಂದು ಕೂತಳು. ನಲ್ಲಿಯಲ್ಲಿ ನೀರು ಬಂದಾಗ ಕರೆದಳು, ಓಗೊಡಲಿಲ್ಲ, ಸಿಟ್ಟು ಬಂತು, ಆ ಸಿಟ್ಟಿನಲ್ಲೇ ಒಳಗೆ ಹೋದಳು. ಅವಳು ಅವನ ಭುಜ ಅಲುಗಾಡಿಸುತ್ತಿದ್ದಾಗಲೂ ಗಂಟೆ ಹೊಡೆಯಿತು. ಮುಂದಿನದು ಹೊಡೆಯುವ ಮೊದಲು ಅವಳು ಗೋಡೆಯ ಸ್ವಿಚ್ ಆರಿಸಿದಳು.

ಪತ್ರಿಕೆಗಳ ಕಟ್ಟು ಅಲ್ಲೇ ಬಿದ್ದಿತ್ತು. ಕಾಲೇಜಿನಿಂದ ಯಾರೂ ಕೇಳಿರಲಿಲ್ಲ, ಇವತ್ತು ಕೇಳಬಹುದು. ಅವಳು ಬಿಚ್ಚಿ ಮೇಲಿನವನ್ನು ಒಂದೊಂದಾಗಿ ತೆಗೆದಳು. ಆರು. ಆರು. ಆರು. ಕೊನೆಯ ಒಂಬತ್ತು ಪತ್ರಿಕೆಗೂ ಹತ್ತಕ್ಕೆ ಆರು ಹಾಕಿದ್ದಳು, ಒಂದೇ ಜಾಗದಲ್ಲಿ, ಒಂದೇ ಓರೆಯಲ್ಲಿ. ಅದಕ್ಕೆ ಹಿಂದಿನವಕ್ಕೆ ನಾಲ್ಕು, ಏಳು, ಐದೂವರೆ. ಒಂಬತ್ತು ಪತ್ರಿಕೆ, ಪತ್ರಿಕೆಗೆ ಎರಡು ಸಲ ಗಂಟೆ. ಅವಳು ಕಟ್ಟನ್ನು ಮತ್ತೆ ಕಟ್ಟಿದಳು. ಇಷ್ಟು ದಿನ ಒಂದೇ ನಿಮಿಷ ಎಂದು ಎಲ್ಲರೂ ಹೇಳುತ್ತಾ ಬಂದದ್ದನ್ನು ಅವಳೂ ಅರ್ಧ ನಂಬಿಕೊಂಡು ನಿದ್ದೆ ಮಾಡಿದ್ದಳು. ಒಂದು ನಿಮಿಷವೋ ಅಲ್ಲವೋ ಎಂದು ಹೇಳಬಲ್ಲದ್ದು ಈ ಮನೆಯಲ್ಲಿ ಒಂದಿತ್ತು, ಟೀವಿಯ ಕೆಳಗೆ.

ಪೆಟ್ಟಿಗೆ ಹಾಕಿ ನೋಡೋಣವೆಂದರೆ ಕೈಯಲ್ಲಿ ಹಿಡಿದು ಆಡಿಸುವ ಕಂಟ್ರೋಲರ್ ಇರಲಿಲ್ಲ. ಅದು ಭಾನುವಿನ ಊರು ಕೆಂಚಾರ್ಲಹಳ್ಳಿಯಲ್ಲಿ, ಕಾಲೊನಿಯ ಹಿಂದೆ ಮಣ್ಣು ಮಾಡುವ ಜಾಗದಲ್ಲಿ, ಅವನ ಬಲಗೈಯ ಹತ್ತಿರ ಇತ್ತು. ಮಾವ ಊರಿನ ಹಿರಿಯರಿಂದ ಬುದ್ಧವಂದನೆ ಹೇಳಿಸಿದರು, ಬೇರೇನೂ ಬೇಡ ಅಂದರು. ಅತ್ತೆ ತಮ್ಮ ಪಾಡಿಗೆ ಹಿಂದಿನಿಂದ ನಡೆದು ಬಂದದ್ದನ್ನೂ ನಡೆಸಿದರು, ಸತ್ತವರ ಜೊತೆಗೆ ಅವರಿಗೆ ಇಷ್ಟವಾದದ್ದನ್ನು ಇಡುವುದು. ಚೀಲದಿಂದ ಒಂದೊಂದೇ ತೆಗೆದು ಗುಂಡಿಯೊಳಗೆ ಇಳಿಸಿದರು: ಕನ್ನಡಕ, ಎರಡು ಪೆನ್ಸಿಲು, ಚಕ್ಕುಲಿ. ಕೊನೆಗೆ ಅದು. “ಇದು ಯಾವಾಗ್ಲೂ ಅವನ ಕೈಲಿರೋದು.” ಅದು ಎರವಲಿನದ್ದು ಎಂದು ಅಲ್ಲಿದ್ದವರಲ್ಲಿ ಗೌತಮಿಗೆ ಮಾತ್ರ ಗೊತ್ತಿತ್ತು. ಬಾಯಿ ತೆರೆದಳು. ಮಗನ ಗುಂಡಿಯ ಮುಂದೆ ಕೂತ ತಾಯಿಗೆ, ಇದು ಬೇರೆಯವರದ್ದು, ವಾಪಸು ತೆಗೀರಿ ಎಂದು ಹೇಗೆ ಹೇಳುವುದು. ಮಣ್ಣು ಬಿತ್ತು. ಎರವಲಿನದ್ದನ್ನು ಒಯ್ದವರು ಅದರ ಚಿಂತೆಯಲ್ಲೇ ಇರುತ್ತಾರೇನೋ. ಎಂ.ಎ. ಓದಿದವಳು ಯೋಚಿಸುವ ಮಾತಲ್ಲ ಅದು. ಆದರೂ ನಿನ್ನೆ ಹಾಲು–ತುಪ್ಪ ಬಿಡುವಾಗ ಅವಳು ಮಣ್ಣಿನ ಮೇಲೆ ಹಾಲು ಇಂಗುವುದನ್ನೇ ನೋಡುತ್ತಿದ್ದಳು, ಎಲ್ಲಿಯವರೆಗೆ ಇಳಿಯಬಹುದು ಎಂದು.

ಮುನೇಶ್ ಕಳಿಸಿದ ವಾಯ್ಸ್ ಮೆಸೇಜನ್ನು ಮತ್ತೆ ಹಾಕಿದಳು. “ಮೇಡಂ, ಮಣ್ಣಿಗೆ ಬರಕ್ಕಾಗ್ಲಿಲ್ಲ, ತಪ್ಪು ತಿಳ್ಕೋಬೇಡಿ. ಹುಳ ನಾಲ್ಕನೇ ಜ್ವರದಿಂದ ಎದ್ದವೆ, ಕೊನೇ ಪೊರೆ ಬಿಟ್ಟವೆ, ಈ ಟೈಮಲ್ಲಿ ಸಾವಿನ ಮನೆಗೆ ಹೋಗಿ ಬಂದ್ರೆ ನಮ್ಮಜ್ಜಿ ಮನೆಗೇ ಸೇರ್ಸಲ್ಲ. ಪೆಟ್ಟಿಗೆ ಇರ್ಲಿ, ಅರ್ಜೆಂಟಿಲ್ಲ. ಭಾನಣ್ಣನ ಅಮ್ಮ ಹೇಳಿದ್ರು ಫೋನಲ್ಲಿ, ಸದ್ದು ನಿಂತ ತಕ್ಷಣ ಹೋದ್ರಿ ಅಂತ.” ಇಲ್ಲಿ ಅವನು ಸುಮ್ಮನಾಗುತ್ತಾನೆ. ಹುಳುಗಳು ಸೊಪ್ಪು ತಿನ್ನುವ ಸಣ್ಣ ಸದ್ದು ಮಾತ್ರ ಕೇಳುತ್ತದೆ. ಆಮೇಲೆ, “ಇರ್ಲಿ ಮೇಡಂ.” ಆ ಮೌನವನ್ನು ಅವಳು ನಾಲ್ಕು ದಿನದಲ್ಲಿ ಎಷ್ಟು ಸಲ ಕೇಳಿದ್ದಳೋ. ಆ ಆಟವನ್ನು ಆಡಿದವನು ಅವನೊಬ್ಬ. ಅದರ ಸದ್ದು ತಾನಾಗಿ ನಿಲ್ಲುವುದಿಲ್ಲ ಎಂದು ಗೊತ್ತಿದ್ದವನು ಲೋಕದಲ್ಲಿ ಅವನೊಬ್ಬ.

ಅವಳು ಪೆಟ್ಟಿಗೆಯನ್ನು ಭಾನುವಿನ ಶಾಲೆಯ ಚೀಲಕ್ಕೆ ತುಂಬಿದಳು.

“ಎಲ್ಲಿಗೆ?” ಅತ್ತೆ ಕೇಳಿದರು.

“ಮೇಲೂರಿಗೆ. ಅವರದ್ದು ಕೊಟ್ಟು ಬರ್ತೀನಿ.”

“ಐದು ದಿನ ಆಗಿಲ್ಲ, ಬಸ್ಸಲ್ಲಿ ಹೋಗ್ತೀಯ? ಜನ ಏನಂತಾರೆ?”

“ಬಸ್ಸಲ್ಲಿ ಯಾರಿಗೆ ಗೊತ್ತಾಗುತ್ತೆ ಅತ್ತೆ.”

ಆಂಜಿನಮ್ಮ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ಗೊತ್ತಾಗ್ತದೆ,” ಅಂದರು. ಆಮೇಲೆ ಒಂದು ಡಬ್ಬಿ ತಂದು ಚೀಲಕ್ಕೆ ಹಾಕಿದರು. “ಖಾಲಿ ಕೈಲಿ ಹೋಗ್ಬೇಡ. ಚಕ್ಕುಲಿ ಐತೆ, ಮಿಕ್ಕಿದ್ದು. ಅದನ್ನ ಕೊಟ್ಟೋರ ಮನೆ ಹುಡುಗರು ತಿನ್ಲಿ.” ಯಾವುದರಿಂದ ಮಿಕ್ಕಿದ್ದೆಂದು ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಗೌತಮಿ ಆ ಡಬ್ಬಿಯನ್ನು ಒಂದು ಮುಚ್ಚಿದ ಅಂಗಡಿಯ ಜಗಲಿಯ ಮೇಲೆ ಇಟ್ಟು ಹಿಂದೆ ನೋಡದೆ ನಡೆದಳು.

ಶಿಡ್ಲಘಟ್ಟದಲ್ಲಿ ಬಸ್ಸು ಬದಲಿಸಿದಳು. ರೇಷ್ಮೆ ಗೂಡಿನ ಚೀಲಗಳ ನಡುವೆ ಕಾಲಿಡಲು ಜಾಗವಿರಲಿಲ್ಲ. ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ರಸ್ತೆಯ ಎರಡೂ ಕಡೆ ಹಿಪ್ಪುನೇರಳೆ ತೋಟ, ಒಂದು ತೋಟ, ಒಂದು ತಂತಿ ಬೇಲಿ, ಒಂದು ನೀಲಿ ಡ್ರಮ್ಮು. ಇನ್ನೊಂದು ತೋಟ, ಬೇಲಿ, ಡ್ರಮ್ಮು. ಭಾನು ಮೇಲೂರಿಂದ ಬಂದಾಗಲೆಲ್ಲ ಮುನೇಶನ ಮನೆಯ ಟೀವಿಯನ್ನು ಹೊಗಳುತ್ತಿದ್ದ. ಗೋಡೆ ತುಂಬ ಇದೆ ಕಣೇ, ಎದುರಿಗೆ ಕೂತ್ರೆ ಊರೊಳಗೆ ಹೋದಂಗಾಗುತ್ತೆ. ಅವಳು ಆ ಮನೆಯನ್ನು ಅವನ ಮಾತಿನಲ್ಲೇ ಕಟ್ಟಿಕೊಂಡಿದ್ದಳು: ನಡುಮನೆ, ಸೋಫಾ, ಸೋಫಾದ ಮೇಲೆ ಕಾಲು ಮಡಚಿ ಕೂತ ಭಾನು.

ಮುನೇಶ್ ಅಂಗಳದಲ್ಲೇ ಎದುರಾದ. ಮೂವತ್ತರ ಒಳಗಿನ ಹುಡುಗ, ಸೊಪ್ಪಿನ ಕಲೆ ಹತ್ತಿದ ಬನಿಯನ್ನು. ಅವಳನ್ನು ನೋಡಿ ಎರಡು ಹೆಜ್ಜೆ ಮುಂದೆ ಬಂದ, ಏನೋ ನೆನಪಾದಂತೆ ಅಲ್ಲೇ ನಿಂತ. ಒಳಗಿಂದ ಒಂದು ಮುದುಕಿಯ ಧ್ವನಿ ಯಾರೆಂದು ತೆಲುಗಿನಲ್ಲಿ ಕೇಳಿತು, “ಎವುರ್‍ರಾ?” “ಚಿಂತಾಮಣಿಯೋರು ಅಜ್ಜಿ.” ಆಮೇಲೆ ಅದೇ ಧ್ವನಿ, ಕೋಪವಿಲ್ಲದೆ, ಮಳೆ ಬರ್ತಾ ಇದೆ ಎಂದು ಹೇಳುವ ಹಾಗೆ, “ಹುಳ ಐತಪ್ಪ.”

“ನಮ್ಮಜ್ಜಿ, ಲಕ್ಷ್ಮೀನರಸಮ್ಮ,” ಮುನೇಶ್ ನೆಲ ನೋಡುತ್ತಾ ಅಂದ. “ಹುಳದ ಮನೆ ಆಕಡೆಗೈತೆ. ಆದ್ರೂ ಅವ್ರು... ನೀವು ತಪ್ಪು ತಿಳ್ಕೋಬೇಡಿ.”

“ಇಲ್ಲ. ಇಲ್ಲೇ ಇರ್ತೀನಿ.” ಅವಳು ಚೀಲವನ್ನು ಕೆಳಗಿಟ್ಟು ಹಿಂದೆ ಸರಿದಳು, ಅವನು ಬಂದು ಎತ್ತಿಕೊಂಡ. “ಕಂಟ್ರೋಲರ್ ಇಲ್ಲ ಅದರಲ್ಲಿ. ಅವರ ಜೊತೆ ಹೋಯ್ತು. ಅತ್ತೆ ಇಟ್ಟುಬಿಟ್ರು.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. “ಚಾರ್ಜ್ ಇತ್ತಾ ಅದ್ರಲ್ಲಿ?” ಅಂದ. ಅಂದವನೇ ಮುಖ ಕೆಂಪಗೆ ಮಾಡಿಕೊಂಡ. “ಅಯ್ಯೋ ನಾನ್ಯಾಕೆ ಇದನ್ನ ಕೇಳ್ತಾ ಇದೀನಿ. ಇರ್ಲಿ ಬಿಡಿ ಮೇಡಂ, ಇನ್ನೊಂದು ಐತೆ.”

“ಮುನೇಶ್, ಅದನ್ನ ಒಂದ್ಸಲ ಹಾಕ್ತೀರಾ? ಅವರು ಎಷ್ಟು ಸಲ ಬಿದ್ರು ಅಂತ ನೋಡ್ಬೇಕು. ಅಷ್ಟೇ ನೋಡ್ಕೊಂಡು ಹೋಗ್ತೀನಿ.”

ಅವನು ತಲೆ ಎತ್ತಿ ಅವಳನ್ನು ಸರಿಯಾಗಿ ನೋಡಿದ. “ಕಿಟಕಿ ಹತ್ರ ಬನ್ನಿ,” ಅಂದ. ಮನೆಯ ಪಕ್ಕದ ಗೋಡೆಗೆ ಸರಳಿನ ಕಿಟಕಿ, ಕಿಟಕಿಯ ಕೆಳಗೆ ಒಂದು ಚಪ್ಪಡಿ ಕಲ್ಲು. ಒಳಗೆ ಗೋಡೆ ತುಂಬುವ ಟೀವಿ ನೇರವಾಗಿ ಕಾಣುತ್ತಿತ್ತು. ಅವನು ಒಳಗಿಂದ ಸರಳುಗಳ ನಡುವೆ ಕಂಟ್ರೋಲರನ್ನು ಹೊರಗೆ ಚಾಚಿದ. “ಇಲ್ಲೇ ಕೂತ್ಕೊಳ್ಳಿ. ಭಾನಣ್ಣನೂ ಇಲ್ಲೇ ಕೂತ್ಕೊಳ್ಳೋನು. ವೈರ್‌ಲೆಸ್ ಅಲ್ವಾ, ಇಲ್ಲಿಗೂ ಸಿಗ್ತದೆ.”

ಅವಳು ಕೂತಳು. ಕಲ್ಲು ತಣ್ಣಗಿತ್ತು. ಅದರ ಒಂದು ಅಂಚಿನಲ್ಲಿ, ಮತ್ತೆ ಮತ್ತೆ ನೀರು ಸುರಿದಲ್ಲಿ ಬರುವಂಥ ಹಸಿರು ಪಾಚಿ. ಸುತ್ತ ಎಲ್ಲ ಒಣಗಿತ್ತು. ಭಾನುವನ್ನು ಇಲ್ಲಿ ಕೂರಿಸುತ್ತಿದ್ದದ್ದು ಹುಳ ಇದ್ದಾಗ ಮಾತ್ರವೋ, ಯಾವಾಗಲೂ ಹಾಗೆಯೋ ಎಂದು ಕೇಳಬಹುದಿತ್ತು. ಎರಡು ವರ್ಷದ ಸ್ನೇಹ. ನಡುಮನೆ, ಸೋಫಾ ಎಲ್ಲ ಒಂದೊಂದಾಗಿ ಅವಳೊಳಗೆ ಬಿಚ್ಚಿಕೊಂಡು ಬಿದ್ದವು. ಎದುರಿಗೆ ಕೂತರೆ ಊರೊಳಗೆ ಹೋದಂತಾಗುತ್ತದೆ ಎಂದಿದ್ದನಲ್ಲ. ಸುಳ್ಳು ಹೇಳಿರಲಿಲ್ಲ. ಎಲ್ಲಿಂದ ಎಂದು ಮಾತ್ರ ಹೇಳಿರಲಿಲ್ಲ.

ಪರದೆ ಬೆಳಗಿತು. ‘ಒಂದನೇ ಕಂಟ್ರೋಲರನ್ನು ಹುಡುಕಲಾಗುತ್ತಿದೆ’ ಎಂಬರ್ಥದ ಇಂಗ್ಲಿಷ್ ಸಾಲು ಬಂತು. ಒಂದು ಸಣ್ಣ ಬಿಳಿ ವೃತ್ತ ತಿರುಗಿತು, ತಿರುಗಿತು. ಅವಳಿಗೆ ಕೆಂಚಾರ್ಲಹಳ್ಳಿಯ ಮಣ್ಣು ಕಂಡಿತು, ಅದರ ಕೆಳಗೆ ಎಲ್ಲೋ ಒಂದು ನೀಲಿ ದೀಪ ತನ್ನನ್ನು ಕರೆಯುತ್ತಿದ್ದಾರೆಂದು ಕಣ್ಣು ಬಿಟ್ಟದ್ದು. “ಅಷ್ಟು ದೂರ ಸಿಗಲ್ಲ,” ಮುನೇಶ್ ಮೆಲ್ಲಗೆ ಹೇಳಿದ, ಅವಳಿಗೋ ತನಗೋ. ಪೆಟ್ಟಿಗೆಯಲ್ಲಿ ಏನೋ ಒತ್ತಿದ. ವೃತ್ತ ಹೋಯಿತು, ಊರು ಬಂತು.

ಬೂದಿ ಬೀಳುತ್ತಿತ್ತು. ಒಂದೊಂದು ಚೂರೂ ಬೇರೆ ಬೇರೆಯಾಗಿ. ಎಷ್ಟು ಚಂದ ಎಂದು ಅವಳು ಮೊದಲ ಸಲ ನೋಡಿದಳು. ಕತ್ತಿ ಹಿಡಿದವನು ಬಾಗಿಲ ಮುಂದೆ ನಿಂತಿದ್ದ, ಬೆನ್ನು ಇತ್ತ. ಹೆಗಲು ಏರಿತು, ಇಳಿಯಿತು. “ಮುಟ್ಬೇಡಿ,” ಮುನೇಶ್ ಅಂದ, “ಬಿದ್ದಾಗ್ಲೇ ನಂಬರು ತೋರ್ಸೋದು.” ಐದು ಜನ ಎಡಗಡೆಯಿಂದ ಬಂದರು. ಅವಸರವಿಲ್ಲದೆ ಸುತ್ತುವರಿದರು. ಮೊದಲನೆಯವನು ಹೊಡೆದ, ಇವನು ಅಲುಗಿದ, ಮತ್ತೆ ನೆಟ್ಟಗಾಗಿ ಉಸಿರಾಡಿದ. ಎರಡನೆಯವನು ಹೊಡೆದ. ಇಷ್ಟು ಹೊತ್ತು ಹಿಡಿಯುತ್ತದೆಂದು ಅವಳು ತಿಳಿದಿರಲಿಲ್ಲ. ಪತ್ರಿಕೆಯ ಒಂದು ಪುಟ ಓದುವಷ್ಟು. ಅವಳ ಬಲಗೈ ತಾನಾಗಿ ಪುಟ ಮಗುಚಲು ಸ್ವಲ್ಪ ಎದ್ದಿತು. ಗಂಟೆ ಹೊಡೆಯಿತು.

ಎಂಬತ್ತೇಳು.

ಈಗಿನದು ಒಂದು, ಅವತ್ತು ಭುಜ ಅಲುಗಾಡಿಸುವಾಗ ಹೊಡೆದದ್ದು ಒಂದು, ಎರಡನ್ನೂ ಕಳೆದರೆ ಎಂಬತ್ತೈದು. ಹಾಳೆಯಲ್ಲಿ ಬರೆದದ್ದು ಅರವತ್ತೆರಡು. ಅವಳ ಮಾತು ಕೇಳಿ ಒಳಗೆ ಹೋದ ಮೇಲೆ ಇಪ್ಪತ್ತಮೂರು. ಅದರಲ್ಲಿ ಒಂಬತ್ತು ಪತ್ರಿಕೆಯ ಹದಿನೆಂಟನ್ನು ಅವಳು ಒಂದೊಂದಾಗಿ ಕೇಳಿಸಿಕೊಂಡಿದ್ದಳು. ಉಳಿದದ್ದು ಐದು. ಅನ್ಯಾಯ ಮಾಡಬಾರದೆಂದು ಐದು ಸಲ ಆಡಿದ್ದ. ಒಂದೊಂದು ಸಲ ಬೇಗ ಬಿದ್ದ, ಒಂದೊಂದು ಸಲ ತಡವಾಗಿ. ಅವೇ ಅವನು. ಮಿಕ್ಕ ಹದಿನೆಂಟರಲ್ಲಿ ಎಷ್ಟರವರೆಗೆ ಅವನ ಕೈ ಬಿಸಿಯಿತ್ತು, ಎಷ್ಟನೆಯದಕ್ಕೆ ಅವಳು ಬಾಗಿಲಿಂದ ನೋಡಿ ವಾಪಸು ಹೋದಳು, ಅದನ್ನು ಪರದೆಯ ಮೂಲೆ ಬರೆದಿಟ್ಟಿರಲಿಲ್ಲ. ಅಲ್ಲಿ ಅವನು ತಾನಾಗಿ ಎದ್ದು ನಿಂತಿದ್ದ. ಅದೇ ಬಾಗಿಲು. ಬೂದಿ.

“ಸದ್ದು ನಿಂತಿರ್ಲಿಲ್ಲ ಮುನೇಶ್.”

ಅವನು ಒಳಗೆ ಕತ್ತಲಲ್ಲಿ ನಿಂತಿದ್ದ. ಮುಖ ಕಾಣುತ್ತಿರಲಿಲ್ಲ, ಸರಳು ಹಿಡಿದ ಬೆರಳು ಮಾತ್ರ ಕಾಣುತ್ತಿತ್ತು. “ಗೊತ್ತು ಅಕ್ಕ,” ಅಂದ. ಮೇಡಂ ಅನ್ನಲಿಲ್ಲ. “ಇದು ನಿಲ್ಲಲ್ಲ. ನಾವೇ ನಿಲ್ಲಿಸ್ಬೇಕು.” ಸರಳು ಬಿಟ್ಟು, “ಅಮ್ಮನ ಹತ್ರ ನಾನೇನೂ ಹೇಳಿಲ್ಲ.”

“ನಾನು ಹೇಳ್ತೀನಿ.”

ಒಳಗೆಲ್ಲೋ ಬಿಂದಿಗೆಗೆ ನೀರು ಬಗ್ಗಿಸುವ ಸದ್ದಾಯಿತು, ಗೌತಮಿ ಎದ್ದ ಮೇಲೆ ಕಲ್ಲು ತೊಳೆಯಲು ಮುದುಕಿ ಕಾಯುತ್ತಿದ್ದಳು. ಪರದೆಯಲ್ಲಿ ಐದು ಜನ ಎಡಗಡೆಯಿಂದ ಬರುತ್ತಿದ್ದರು. “ಎಲ್ಲಿ ಒತ್ತಬೇಕು?” ಗೌತಮಿ ಕೇಳಿದಳು. ಅವನು ಸರಳುಗಳ ನಡುವೆ ಬೆರಳು ಚಾಚಿ ನಡುವಿನ ಗುಂಡಿಯನ್ನು ತೋರಿಸಿದ, ಮುಟ್ಟದೆ. ಅವಳು ಒತ್ತಿದಳು. ಮುಗಿಸಬೇಕೆ ಎಂದು ಅದು ಕೇಳಿತು. ಹೌದು.

ಸದ್ದು ನಿಂತಿತು. ನಿಂತ ತಕ್ಷಣ ಅವಳು ಎದ್ದಳು. ಕಂಟ್ರೋಲರನ್ನು ಸೆರಗಿನಲ್ಲಿ ಒರೆಸಿ, ಅಡ್ಡ ಹಿಡಿದರೆ ಹೋಗದ್ದನ್ನು ಓರೆ ಮಾಡಿ, ಸರಳುಗಳ ನಡುವೆ ಒಳಗೆ ಕೊಟ್ಟಳು.